ಹಳೇ ಹಿತ್ತಲಿನ ಮಣ್ಣು

ಬಾಗಲಕೋಟೆಯ ನವನಗರದಲ್ಲಿ ನಮ್ಮ ಪಕ್ಕದ ಮನೆಯ ಆಯಿ, ಸೇವಂತಿಗೆ ಮತ್ತು ದವನದ ಸಸಿ ಮಾಡಿ ಮಾರುತ್ತಿದ್ದರು. ಹಳೇ ಊರಿನ ಮನೆ ಹಿನ್ನೀರಿನಲ್ಲಿ ಮುಳುಗುವ ಮೊದಲು ಅದರ ಹಿತ್ತಲಿನ ಕರಿಮಣ್ಣನ್ನು ಚೀಲಗಳಲ್ಲಿ ತುಂಬಿ ತಂದಿದ್ದರು. ಯಾರಿಗೆ ಸಸಿ ಕೊಟ್ಟರೂ ಬೇರಿಗೆ ಅದನ್ನೇ ಒಂದು ಹಿಡಿ ಮೆತ್ತಿ, "ಮಣ್ಣು ಉದುರಿಸಬ್ಯಾಡ್ರಿ" ಎನ್ನುತ್ತಿದ್ದರು. ಹೀಗೆ ಕೊಡುತ್ತ ಕೊಡುತ್ತ ಚೀಲಗಳು ಬರಿದಾದವು. ಈಗ ಅವರದೇ ಕುಂಡಗಳಲ್ಲಿ ಕೊಂಡು ತಂದ ಕೆಂಪು ಮಣ್ಣಿದೆ.

ಮೊನ್ನೆ ಆಯಿ ನಮ್ಮ ಅಂಗಳಕ್ಕೆ ಬಂದವರು, ಹಿಂದೆ ತಾವೇ ಕೊಟ್ಟಿದ್ದ ದವನದ ಬುಡಕ್ಕೆ ಬೆರಳು ಹಾಕಿ, ಮಣ್ಣು ತಿಕ್ಕಿ ಮೂಸಿದರು.

"ನಿಮ್ಮನ್ಯಾಗ ಇನ್ನೂ ಐತಲ್ಲವಾ."

"ಒಂದ್ ಹಿಡಿ ತಗೊಂಡ್ ಹೋಗ್ರಿ, ಆಯಿ" ಎಂದೆ.

"ಬ್ಯಾಡವಾ, ಬೇರು ಹಿಡದೈತಿ. ಉದುರಿಸಬ್ಯಾಡ."

ಕೈ ತೊಳೆಯಲು ನೀರು ಕೊಟ್ಟೆ. ತೊಳೆಯದೆ ಮನೆಗೆ ಹೋದರು.