ಲೈಲೋ ಓಡಿಸದ ಭಾನುವಾರ

ನಾಸಿಕದಲ್ಲಿದ್ದ ಮೂರು ವರ್ಷ ನಾನು ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಇಡ್ಲಿಯನ್ನೇ ತಿಂದೆ. ಇಡ್ಲಿಯ ಮೇಲೆ ಪ್ರೀತಿ ಉಕ್ಕಿ ಅಲ್ಲ. ದೋಸೆ ಎನ್ನಲು ಹೋದರೆ ನಾಲಿಗೆ ಮೊದಲ ಅಕ್ಷರದ ಮೇಲೇ ಕೂತುಬಿಡುತ್ತಿತ್ತು. ಹುಟ್ಟಿನಿಂದ ಬಂದ ತೊದಲು ನನ್ನದು. ಬ್ಯಾಂಕಿನವರು ಗದಗಿನಿಂದ ಎತ್ತಿ ಆ ಊರಿಗೆ ಒಗೆದ ಮೇಲೆ ಮರಾಠಿಯಲ್ಲೂ ಹಿಂದಿಯಲ್ಲೂ ತೊದಲುವ ಭಾಗ್ಯ ಹೊಸದಾಗಿ ಬಂತು. ಕೌಂಟರಿನಲ್ಲಿ ನಾನು ಬಾಯಿ ತೆರೆದರೆ ಸಾಕು, ಪಕ್ಕದವನು "ಬೋಲಾ ಸಾಹೇಬ್, ಗಾಡಿ ಸುಟೇಲ್" ಎನ್ನುತ್ತಿದ್ದ. ಬೇಗ ಹೇಳಿ, ರೈಲು ಹೊರಟೀತು ಎಂದು. ಎಲ್ಲರೂ ನಗುತ್ತಿದ್ದರು. ಅವನ ತಲೆಯ ಮೇಲೆ ಲೆಡ್ಜರ್ ಕುಕ್ಕಬೇಕು ಅನ್ನಿಸುತ್ತಿತ್ತು. ಕೊನೆಗೆ ಮ್ಯಾನೇಜರು ನನ್ನನ್ನು ಕಂಪ್ಯೂಟರ್ ಕೋಣೆಗೆ ಹಾಕಿದರು.

ಕಂಪ್ಯೂಟರಿನ ಚಟ ಮನೆಗೂ ಬಂತು. ಹಳೇ ಬಿಡಿಭಾಗ ಕೂಡಿಸಿ ಒಂದು ಯಂತ್ರ ಕಟ್ಟಿಕೊಂಡು, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ತೊಂಬತ್ತರ ದಶಕದ ಕೊನೆ. ಆ ಹೆಸರು ಕೇಳಿದವರೇ ಕಡಿಮೆ. ಅದರಲ್ಲಿ ಒಂದು ಕಡೆ ಸಿಕ್ಕಿಬಿದ್ದಾಗ, ಕಂಪ್ಯೂಟರ್ ಮಾಸಿಕವೊಂದರ ಪತ್ರಗಳ ಪುಟದಲ್ಲಿ ವಿಳಾಸ ಕಂಡವರೊಬ್ಬರಿಗೆ ಇಂಗ್ಲಿಷಿನಲ್ಲಿ ಕಾಗದ ಬರೆದೆ. ಅವರು ಔರಂಗಾಬಾದಿನಲ್ಲಿ, ಅಂದರೆ ಈಗಿನ ಸಂಭಾಜಿನಗರದಲ್ಲಿ, ಕೇಂದ್ರ ಸರ್ಕಾರದ ನೌಕರರು. ಜವಾಬು ಕನ್ನಡದಲ್ಲಿ ಬಂತು: "ಅಡ್ಡಹೆಸರು ನೋಡಿದ್ರ ನಮ್ಮ ಕಡಿಯವ್ರು ಅನಸ್ತದ. ನಂದು ವಿಜಾಪುರ. ಮೋಡೆಮ್ ಅದ ಏನ್ರಿ?"

ಫೋನ್ ಲೈನಿನ ಮೇಲೆ ಎರಡು ಕಂಪ್ಯೂಟರುಗಳನ್ನು ಕೂಡಿಸುವ ಆ ಡಬ್ಬಿ ನನ್ನಲ್ಲಿತ್ತು. ಅಂದಿನಿಂದ ಪ್ರತಿ ಭಾನುವಾರ ಹನ್ನೊಂದಕ್ಕೆ ಅವರ ಮೋಡೆಮ್ ನನ್ನ ಫೋನಿಗೆ ಕರೆ ಮಾಡುತ್ತಿತ್ತು, ನನ್ನ ಮೋಡೆಮ್ ಎತ್ತುತ್ತಿತ್ತು. ಪರದೆಯ ಮೇಲರ್ಧದಲ್ಲಿ ಅವರು, ಕೆಳಗರ್ಧದಲ್ಲಿ ನಾನು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಕುಟ್ಟುತ್ತಿದ್ದೆವು. ಬೆರಳಿಗೆ ತೊದಲಿಲ್ಲ. ಅಲ್ಲಿ ನಾನು ವಾಚಾಳಿ, ಜಗಳಗಂಟ. "ಎದುರಿಗಿದ್ರ ನೀವು ನಮಗ ಮಾತಾಡಾಕ ಬಿಡ್ತಿದ್ದಿಲ್ಲ ಬಿಡ್ರಿ" ಎಂದು ಅವರು ಬರೆದಾಗ ನನಗೆ ನಗು ಬರಲಿಲ್ಲ. ಒಮ್ಮೆ ಫೋನಿನಲ್ಲಿ ಮಾತಾಡೋಣ ಎಂದರು. ನನ್ನ ಲೈನು ಸರಿಯಿಲ್ಲ ಎಂದೆ. ಅದೇ ಲೈನಿನ ಮೇಲೆ ಕುಟ್ಟುತ್ತಾ! ಸುಳ್ಳಿಗೂ ಒಂದು ಲಕ್ಷಣ ಬೇಡವೇ? ಅವರು ಮತ್ತೆ ಕೇಳಲಿಲ್ಲ. ವಾರಕ್ಕೆ ಅದೊಂದು ಗಂಟೆ ನಾನು ಮನುಷ್ಯನಾಗಿರುತ್ತಿದ್ದೆ.

ಒಂದೂವರೆ ವರ್ಷದ ಮೇಲೆ ಅವರಿಗೆ ಗುವಾಹಾಟಿಗೆ ವರ್ಗವಾಯಿತು. "ಐತ್ವಾರ ಹನ್ನೆರಡಕ್ಕ ಸಾಮಾನಿನ ಲಾರಿ ಬರ್ತದ. ಹನ್ನೊಂದಕ್ಕ ಕಡೀ ಸಲ ಬರ್ತೀನಿ. ಹೊಸಾ ಕರ್ನಲ್ ಹಾಕಿ ಇಡ್ರಿ, ನೋಡಿ ಹೋಗ್ತೀನಿ" ಎಂದರು. ಅದರ ಮೂಲ ಕೋಡನ್ನು ಹತ್ತು ಫ್ಲಾಪಿಗಳಲ್ಲಿ ತುಂಬಿ, ದಾರದಿಂದ ಕಟ್ಟಿ, ಎಸ್‌ಟಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿಕೊಟ್ಟರು. ಕರ್ನಲ್ ಎಂದರೆ ಯಂತ್ರದ ಒಳಗಿನ ಯಜಮಾನ. ಅದನ್ನು ಬದಲಿಸಿದರೆ, ಹೊರಗಿನಿಂದ ಬಂದವರಿಗೆ ಹೆಸರು ಕೇಳುವ ಸಾಲಿನ ಮೇಲೇ ಹೊಸ ನಂಬರ್ ಕಾಣುತ್ತದೆ. 2.0 ಹೋಗಿ 2.2 ಕಂಡು ಅವರು ಭಲೇ ಅನ್ನಬೇಕು, ಆಮೇಲೆ ಒಂದು ಗಂಟೆ ಹರಟಿ ಬೀಳ್ಕೊಡಬೇಕು ಎಂಬುದು ನನ್ನ ಆಸೆ.

ಶನಿವಾರ ಸಂಜೆ ಕಂಪೈಲ್‌ಗೆ, ಅಂದರೆ ಆ ಕೋಡಿನಿಂದ ಕರ್ನಲ್ ಕಟ್ಟಲು, ಹಚ್ಚಿದ್ದು ಬೆಳಿಗ್ಗೆ ಮುಗಿದಿತ್ತು. ಡಿಸ್ಕಿನಲ್ಲಿ ಜಾಗ ಸಾಲದೆ, ಯಂತ್ರ ಏಳಲು ಬೇಕಾದ ಕಡತಗಳನ್ನೆಲ್ಲ ಬೇರೆ ಕಡೆ ಎತ್ತಿಟ್ಟು, ಹಳೇ ಕರ್ನಲ್ ಅಳಿಸಿ, ಹೊಸದನ್ನಿಟ್ಟು, ಉಳಿದವನ್ನು ವಾಪಸ್ ಜೋಡಿಸಿದೆ. ಇಷ್ಟಾದ ಮೇಲೆ ಲೈಲೋ ಎಂಬ ಪುಟ್ಟ ಪ್ರೋಗ್ರಾಮನ್ನು ಓಡಿಸಲೇಬೇಕು. ಯಾವುದು ಡಿಸ್ಕಿನ ಯಾವ ಮೂಲೆಯಲ್ಲಿದೆ ಎಂದು ಬರೆದಿಟ್ಟುಕೊಂಡು, ಯಂತ್ರ ಏಳುವಾಗ ದಾರಿ ತೋರಿಸುವುದು ಅದೇ. ನಾನು ಮರೆತೆ. ಮನೆ ಬದಲಿಸಿ ಪೋಸ್ಟ್‌ಮನ್ನನಿಗೆ ಹೇಳದವನ ಹಾಗೆ ಹತ್ತೂವರೆಗೆ ಜಂಬದಿಂದ ರೀಬೂಟ್ ಮಾಡಿದೆ.

ಪರದೆಯ ಮೇಲೆ LILO ಎಂಬ ನಾಲ್ಕು ಅಕ್ಷರ ಪೂರ್ತಿ ಬಂದರೆ ಯಂತ್ರ ಎದ್ದಂತೆ. LI ಎಂದು ಎರಡು ಬಂದು ನಿಂತವು. ಥೇಟ್ ನನ್ನ ಹಾಗೆ, ತನ್ನ ಹೆಸರನ್ನೇ ಹೇಳಲಾರದೆ. ಮತ್ತೆ ಗುಂಡಿ ಒತ್ತಿದೆ, ಅಷ್ಟೇ. ತುರ್ತಿಗೆ ಯಂತ್ರ ಎಬ್ಬಿಸುವ ಒಂದು ಫ್ಲಾಪಿ ಮಾಡಿಟ್ಟುಕೊಳ್ಳಿ ಎಂದು ಅವರು ಬಡಿದುಕೊಂಡಿದ್ದರು, ನಾನು ಕೇಳಿದ್ದರೆ ತಾನೆ! ಸಿಡಿಯಿಂದ ಎಬ್ಬಿಸೋಣವೆಂದರೆ ಹಾಳಾದ ಡ್ರೈವು ಅದನ್ನು ಓದಲೊಲ್ಲದು. ಥೂ ನಿನ್ನ, ಎಂದು ಡಬ್ಬಿಯ ಪಕ್ಕೆಗೆ ಗುದ್ದಿದೆ. ಅಷ್ಟರಲ್ಲಿ ಹನ್ನೊಂದಾಯಿತು.

ಫೋನ್ ರಿಂಗಾಯಿತು. ಎತ್ತಿದರೆ ಆ ಕಡೆ ಅವರಲ್ಲ, ಅವರ ಮೋಡೆಮ್: ಕುಂಯ್, ಸ್ವಲ್ಪ ಮೌನ, ಮತ್ತೆ ಕುಂಯ್. ಕೆಳಗಿನ ಮನೆಯವರು ತಕರಾರು ತೆಗೆಯುತ್ತಾರೆಂದು ಅವರು ಮೋಡೆಮಿನ ದನಿ ಬಂದ್ ಮಾಡಿಟ್ಟಿರುತ್ತಿದ್ದರು. ನಾನು ಬೊಬ್ಬೆ ಹೊಡೆದರೂ ಅವರಿಗೆ ಕೇಳುವಂತಿರಲಿಲ್ಲ. ಇಟ್ಟೆ. ಮತ್ತೆ ರಿಂಗು, ಮತ್ತೆ ಕುಂಯ್. ಐದು ಸಲ ಹೀಗಾಗಿ ನಿಂತಿತು.

ಉಳಿದದ್ದು ಬಾಯಿಂದ ಮಾತಾಡುವುದೊಂದೇ. ಇಷ್ಟು ದಿನ ಮುಚ್ಚಿಟ್ಟದ್ದು ಒಂದು ಹಲೋದಲ್ಲಿ ಬಯಲಾಗುತ್ತದೆ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಆದರೆ ಕಡೆಯ ದಿನ ಬಾಗಿಲು ತೆಗೆಯಲಿಲ್ಲ ಎಂದು ಅವರು ಹೋಗಿಬಿಡುತ್ತಾರೆ. ಹತ್ತು ನಿಮಿಷ ಫೋನಿನ ಮುಂದೆ ಬೆವೆತು ಕೂತೆ. ಆಮೇಲೆ ನಂಬರ್ ತಿರುಗಿಸಿದೆ.

"ಹಲೋ, ಯಾರ್ರಿ?" ಇಷ್ಟು ವಯಸ್ಸಾದ ದನಿ ಎಂದು ನಾನು ಎಣಿಸಿರಲಿಲ್ಲ. ನಾಸಿಕ ಎನ್ನಬೇಕಿತ್ತು. ನಾ, ನಾ ಎಂದು ಮೊದಲ ಅಕ್ಷರ ಬಿಟ್ಟು ಮುಂದೆ ಹೋಗಲಿಲ್ಲ. "ಕೋಣ್ ಪಾಹಿಜೆ?" ಎಂದು ಅವರು ಮರಾಠಿಗೆ ಹೊರಳಿ, ಯಾರು ಬೇಕಪ್ಪಾ ಎಂದು ರೇಗಿ, ಇಟ್ಟುಬಿಟ್ಟರು. ಮತ್ತೆ ತಿರುಗಿಸಿದೆ. ಈ ಸಲ ದನಿಯೇ ಏಳಲಿಲ್ಲ. ಕಣ್ಣಲ್ಲಿ ನೀರು ಬಂತು. ಆದರೆ ಅವರು ಇಡಲಿಲ್ಲ, ಅವರ ಉಸಿರು ಕೇಳುತ್ತಿತ್ತು.

"ನಾಸಿಕದವ್ರೇನ್ರಿ?" ಎಂದು ಮೆಲ್ಲಗೆ ಕೇಳಿದರು. "ಮಾತಾಡಬ್ಯಾಡ್ರಿ. ಹೌದಾದ್ರ ರಿಸೀವರ್ ಮ್ಯಾಲೆ ಒಂದ್ ಸಲ ಬಡೀರಿ. ಅಲ್ಲ ಅಂದ್ರ ಎರಡ್ ಸಲ."

ಉಗುರಿನಿಂದ ಒಮ್ಮೆ ಬಡಿದೆ.

"ಅಯ್ಯ ಶಿವನ! ಲೈಲೋ ಓಡಿಸಿದ್ರಿ?"

ಎರಡು ಸಲ ಬಡಿದೆ.

"ಫ್ಲಾಪಿನಾದ್ರೂ ಮಾಡಿಟ್ಟಿದ್ರಿ?"

ಮತ್ತೆ ಎರಡು.

"ಎಂಥಾ ಮಂಗ್ಯಾ ಅದೀರಿ!" ಎಂದು ಗಹಗಹಿಸಿದರು. ನಾನೂ ಕಣ್ಣೊರೆಸಿಕೊಂಡು ನಕ್ಕೆ. ಬ್ಯಾಂಕಿನ ಯಂತ್ರದಲ್ಲಿ ಫ್ಲಾಪಿ ಹೇಗೆ ಮಾಡುವುದು, ಅದರಿಂದ ಎಬ್ಬಿಸಿ ಏನೇನು ಕುಟ್ಟುವುದು, ಎಲ್ಲ ಬಿಡಿಸಿ ಹೇಳಿದರು. ನಾನು ಬರೆದುಕೊಳ್ಳುತ್ತಾ ಬಡಿಯುತ್ತಾ ಹೋದೆ. ಹಿಂದಿನಿಂದ ಲಾರಿಯ ಹಾರ್ನು ಕೇಳಿತು, ಯಾರೋ ಅವರನ್ನು ಕೂಗಿದರು.

"ಮೊದಲ ಹೇಳಬಾರದೇನ್ರಿ?" ಎಂದರು. ಈಗ ನಗುತ್ತಿರಲಿಲ್ಲ. "ನಾ ಏನ್ ನಿಮ್ಮನ್ನ ತಿಂತಿದ್ನೇನು?"

ಇದಕ್ಕೆ ಎಷ್ಟು ಸಲ ಬಡಿಯಬೇಕೋ ತಿಳಿಯಲಿಲ್ಲ. "ಇರ್ಲಿ ಬಿಡ್ರಿ. ಬರ್ತೀನಿ" ಎಂದರು. ಲೈನು ಕಟ್ಟಾಯಿತು.

ರಿಸೀವರ್ ಇನ್ನೂ ನನ್ನ ಕಿವಿಯಲ್ಲೇ ಇತ್ತು. "ಹೋಗಿ ಬರ್ರಿ, ದಾರಿ ಮ್ಯಾಲೆ ಹುಷಾರ್ರಿ" ಎಂದೆ. ಒಂದಕ್ಷರವೂ ತಡವರಿಸಲಿಲ್ಲ.