ದ್ವಾರಕಾನಾಥರ ಚೆಸ್ಟ್‌ನಟ್ ತೋಪು

ಅಕ್ಟೋಬರ್ ಬಂತೆಂದರೆ ಅಮೆರಿಕದ ಸಮರ್‌ಸೆಟ್‌ನ ದ್ವಾರಕಾನಾಥರ ಕಾಲು ಮನೆಯಲ್ಲಿ ನಿಲ್ಲುವುದಿಲ್ಲ, ಪಕ್ಕದ ಮನೆಯ ತ್ರಿಪುರಸುಂದರಿಗೆ ತಲೆನೋವು ತಪ್ಪುವುದಿಲ್ಲ. ಕನ್ನಡದವರು ಯಾರೇ ಸಿಗಲಿ, ಕಾರಿಗೆ ತುಂಬಿಕೊಂಡು ಹೋಗಿ ಬೆಟ್ಟ ಹತ್ತಿಸಿಯೇ ತೀರುವ ಆಸಾಮಿ. ತಲೆಗೆ ಮಂಕಿಕ್ಯಾಪು, ಕೊರಳಿಗೆ ಆಫೀಸಿನ ಟೈ, ಬಾಯಲ್ಲಿ ಒಂದೇ ಮಂತ್ರ: "ಇನ್ನೈದೇ ನಿಮಿಷ ಬನ್ನಿ, ಅದೋ ಆ ತಿರುವು!" ಆ ತಿರುವು ಎಂದೂ ಬರುವುದಿಲ್ಲ. ಸೀರೆಯ ಮೇಲೆ ಕೋಟು ಹಾಕಿ, ಗಂಡನ ಬೂಟು ಎಳೆದುಕೊಂಡು, ಪುಳಿಯೋಗರೆ ಡಬ್ಬಿ ಹೊತ್ತು ತ್ರಿಪುರಸುಂದರಿ ಏದುಸಿರು ಬಿಡುತ್ತಿದ್ದರೆ, ಇವರು ಮೇಪಲ್ ಎಲೆಯ ಕೆಂಪು ವರ್ಣಿಸುತ್ತಾ ಮುಂದೆ ಹೋಗಿರುತ್ತಾರೆ. ಕೊನೆಗೆ ಹಳೇ ಚೆಸ್ಟ್‌ನಟ್ ತೋಪು. ಮುಳ್ಳುಕಾಯಿಗಳೆಲ್ಲ ಅವಳ ಸೆರಗಿಗೇ. ದ್ವಾರಕಾನಾಥರೇ ಕಾಯಿ ಆಯ್ದು, ಕಲ್ಲಿಟ್ಟು ಒಲೆ ಹೂಡಿ, ಸುಟ್ಟು ಸುಲಿದು, "ತಿನ್ನಿ, ಅಮೃತ! ಇನ್ನೊಂದು!" ಎಂದು ಪ್ರಾಣ ತಿನ್ನುತ್ತಾರೆ. ಈ ಸಲ ಅವಳಿಗೆ ರೇಗಿಹೋಯಿತು. "ಅಷ್ಟು ಅಮೃತವಾದರೆ ನೀವೂ ಒಂದು ಬಾಯಿಗೆ ಹಾಕ್ಕೊಳ್ಳಿ ನೋಡೋಣ!" ದ್ವಾರಕಾನಾಥರು ನಕ್ಕು, ಬೆಂಕಿ ಕೆದಕಲು ಬಗ್ಗಿದರು. ಜೊತೆಗೆ ಬಂದಿದ್ದ ಅವರ ಹೆಂಡತಿ ಕೌಸಲ್ಯಾ ಮೆಲ್ಲಗೆ ಹೇಳಿದಳು: "ಇವರಪ್ಪ ಹೋದರು ಅನ್ನೋ ಟೆಲಿಗ್ರಾಂ ಬರೋ ಹೊತ್ತಿಗೆ ಊರಲ್ಲಿ ಎಲ್ಲಾ ಮುಗಿದಿತ್ತು ಕಣೇ. ಗಯಾಕ್ಕೆ ಹೋದೋರು ಹಿರಿಯರ ಹೆಸರಲ್ಲಿ ತಮಗಿಷ್ಟವಾದ ಹಣ್ಣು ಬಿಟ್ಟು ಬರ್ತಾರಲ್ಲ, ಇವರು ಇಲ್ಲೇ, ಈ ಮರದಡೀಲೇ, ಇದನ್ನ ತಿನ್ನೋದು ಬಿಟ್ಟರು." ತ್ರಿಪುರಸುಂದರಿ ದ್ವಾರಕಾನಾಥರತ್ತ ಅಂಗೈ ಚಾಚಿದಳು: "ಇನ್ನೊಂದು ಕೊಡಿ."