ಕಡೆಯ ಪಂಕ್ತಿಯಲ್ಲಿ ಕುಳಿತ ನದಿ

ಊರೆಲ್ಲವೂ ಆಕೆಯನ್ನು ತೂಬಿನಕ್ಕ ಎಂದೇ ಕರೆಯುತ್ತಿತ್ತು. ಗಂಡನೂ ಒಮ್ಮೊಮ್ಮೆ ಮೈಮರೆತು ಹಾಗೆಯೇ ಕೂಗಿ ಬಿಸಿಯಾದ ನೋಟವೊಂದನ್ನು ಉಣ್ಣುತ್ತಿದ್ದನು. ನದಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಮೇಲಿನ ಪುಟ್ಟ ಕೋಣೆಯೇ ಆಕೆಯ ಕಾರ್ಯಸ್ಥಾನ. ಅಲ್ಲಿ ತೂಬುಗಳನ್ನು ತೆರೆದು ಮುಚ್ಚುವ ಮೂರು ಕಬ್ಬಿಣದ ಚಕ್ರಗಳಿದ್ದವು: ಒಂದು ಊರಿನ ಕುಡಿಯುವ ನೀರಿನದು, ಒಂದು ತೋಟಗಳ ಕಾಲುವೆಯದು, ಮತ್ತೊಂದು ಕೆಳಗೆ ಹರಿಯಬೇಕಾದ ನದಿಯದೇ. ಕುಡಿಯುವ ನೀರಿನ ತೂಬನ್ನೂ ನದಿಯ ತೂಬನ್ನೂ ಎಂದಿಗೂ ಮುಚ್ಚುವಂತಿಲ್ಲ. ಮಿಕ್ಕದ್ದಷ್ಟೇ ಕಾಲುವೆಯ ಪಾಲು ಎಂಬುದು ನಿಯಮ. ಸೃಷ್ಟಿಕರ್ತನು ಮೀನಿಗೆ ಕೈಗಳನ್ನು ಕೊಡದಿದ್ದುದರಿಂದ ಅದರ ಪರವಾಗಿ ಚಕ್ರ ಹಿಡಿಯುವ ಕೈ ತನ್ನದೆಂದು ಆಕೆ ನಂಬಿದ್ದಳು.

ಆ ಬೇಸಗೆಯಲ್ಲಿ ಕಾಲುವೆ ಬತ್ತಿತು. ಆಕೆಯ ತಮ್ಮನು ಹೂವಿನ ಸಸಿಗಳನ್ನು ಬೆಳೆಸಿ ಮಾರುವವನು. ಮಾರಾಟಕ್ಕೆ ಸಿದ್ಧವಾಗಿದ್ದ ಸಸಿಗಳು ಬಾಡುವುದನ್ನು ನೋಡಲಾರದೆ ಅವನು ಒಡ್ಡಿಗೆ ಓಡಿಬಂದನು.

"ಅಕ್ಕಾ, ಒಂದೇ ಒಂದು ದಿನ ನದಿ ತೂಬು ಮುಚ್ಚು. ವರ್ಷದ ದುಡಿಮೆ ಒಣಗ್ತಿದೆ."

"ಆಗಲ್ಲ ಕಣೋ. ಕೆಳಗಿನ ಮಡುವಲ್ಲಿ ಮೀನಿನ ಮರಿಗಳಿವೆ. ಅಲ್ಲಿನ ಕೇರಿಯವರು ಕುಡಿಯೋದೂ ಅದೇ ನೀರು."

"ಬಡಿಸೋರು ನಮ್ಮೋರಾದ್ರೆ ಕಡೇ ಪಂಕ್ತೀಲಿ ಕೂತ್ರೇನು ಅಂತಾರೆ. ನೀನು ನಮ್ಮೋಳಲ್ವಾ?"

"ಹೌದಪ್ಪಾ. ಆದ್ರೆ ಕಡೇ ಪಂಕ್ತೀಲಿ ಕೂತಿರೋದು ನೀನಲ್ಲ, ನದಿ. ಅದಕ್ಕೂ ಒಬ್ಬಳು ನಮ್ಮೋಳು ಅಂತ ಬೇಡ್ವಾ?"

"ಹಾಗಾದ್ರೆ ಮೀನೇ ನಿನ್ನ ತಮ್ಮ, ನಾನು ಯಾರೋ ದಾರಿಹೋಕ!"

"ಮೀನು ಇಷ್ಟೊಂದು ಮಾತಾಡಲ್ಲ ನೋಡು."

ಅವನು ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದನು. ತುಟಿಯಲ್ಲಿ ನಗು ಇದ್ದರೂ ಆಕೆಯ ಎದೆ ಭಾರವಾಯಿತು. ಒಡಹುಟ್ಟಿದವನ ಅನ್ನ ಬಾಡುತ್ತಿದೆ. ಚಕ್ರವೋ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಆದರೂ ಆಕೆ ಅದನ್ನು ಮುಟ್ಟಲಿಲ್ಲ.

ಪಾಳಿ ಮುಗಿದೊಡನೆ ಮನೆಗೆ ಬಂದವಳು ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಸ್ನಾನದ ನೀರು, ಒಂದನ್ನೂ ಚೆಲ್ಲಗೊಡದೆ ಡ್ರಮ್ಮುಗಳಿಗೆ ತುಂಬಿಸಿದಳು. ನೆರೆಮನೆಗಳ ಹಿತ್ತಿಲಿಗೂ ಬಿಂದಿಗೆ ಹಿಡಿದು ಹೋದಳು. ಗಂಡನು ತಳ್ಳುಗಾಡಿಯನ್ನು ತಳ್ಳಲು, ತಮ್ಮನ ತೋಟ ಸೇರಿದಳು.

ತಮ್ಮನು ಮುಖ ತಿರುಗಿಸಿದನು. "ನಾನು ಮುನಿಸ್ಕೊಂಡಿದ್ದೀನಿ. ಮಾತಾಡಿಸ್ಬೇಡ."

"ಇಲ್ಲಿ ಯಾರು ಮಾತಾಡಿಸ್ತಿದ್ದಾರೆ? ಬಿಂದಿಗೆ ಹಿಡಿ. ಆ ಡ್ರಮ್ಮಲ್ಲಿರೋದು ನಿನ್ನ ಭಾವ ಮಿಂದ ನೀರು, ಗಟ್ಟಿ ಜೀವದ ಸಸಿಗೆ ಮಾತ್ರ ಹಾಕು."

ಭಾವನ ಮುಖ ಸಪ್ಪಗಾದುದನ್ನು ಕಂಡು ತಮ್ಮನಿಗೆ ನಗೆ ತಡೆಯಲಾಗಲಿಲ್ಲ. ಬೇಲಿಯ ಅಂಚಿನ ಸಸಿಗಳು ಉಳಿಯಲಿಲ್ಲ. ಮಿಕ್ಕವು ಬೆಳಗಾಗುವಷ್ಟರಲ್ಲಿ ತಲೆಯೆತ್ತಿದ್ದವು.

ಮರುದಿನ ನೀರಿನ ತಳ್ಳುಗಾಡಿ ಹೊರಡುವ ಮೊದಲೇ ತಮ್ಮನು ಖಾಲಿ ಬಿಂದಿಗೆಗಳೊಡನೆ ಅಕ್ಕನ ಹಿತ್ತಿಲ ಬಾಗಿಲಲ್ಲಿ ನಿಂತಿದ್ದನು.

"ಅಕ್ಕಾ, ಭಾವಂದು ಸ್ನಾನ ಆಯ್ತಾ?"